ಮಹಾನಂದಾಳ ರಕ್ತ ಹೇಳಿದ್ದು

ಆ ಊರಿನಲ್ಲಿ ರಕ್ತ ಮಾತಾಡುತ್ತಿತ್ತು. ಗಾಜಿನ ಮೇಲೆ ಒಂದು ಹನಿ ಬಿಟ್ಟರೆ, ಆಯಾ ಮನುಷ್ಯರ ದನಿಯಲ್ಲೇ ಮೈಯೊಳಗಿನ ಸೋಂಕುಗಳ ಸುದ್ದಿ ಹೇಳುತ್ತಿತ್ತು. ಮಗು ಬೇಕೆಂದುಕೊಂಡವರು ಮೊದಲು ಅದನ್ನು ಕೇಳಿಸಿಕೊಳ್ಳಲು ಆಸ್ಪತ್ರೆಗೆ ಬರುತ್ತಿದ್ದರು.

ಮಹಾನಂದಾ ಗಂಡ ಗುರುಪಾದನ ಕೈ ಹಿಡಿದು ಕೂತಿದ್ದಳು. “ಎಚ್‌ಐವಿ ಇಲ್ಲ, ಸಿಫಿಲಿಸ್ ಇಲ್ಲ,” ಎಂದಿತು ಅವಳ ಹನಿ. ಆಮೇಲೆ ದನಿ ತಗ್ಗಿಸಿತು: “ಹೆಪಟೈಟಿಸ್ ಬಿ ಐತಿ. ಹುಟ್ಟಿದಾಗ ಅವ್ವನಿಂದ ಬಂದದ್ದು.”

ಮಹಾನಂದಾ ತಟ್ಟನೆ ಕೈ ಬಿಡಿಸಿಕೊಂಡಳು. “ಹಂಗಾರ ನನಗ ಕೂಸು ಬ್ಯಾಡ. ಅದಕ್ಕೂ ಇದನ್ನ ದಾಟಸೂದು ಬ್ಯಾಡ.”

“ನಿಮ್ಮವ್ವಗ ಗೊತ್ತಿದ್ದಿಲ್ಲ, ನಿಮಗ ಗೊತ್ತಾಗೇತಿ,” ಎಂದರು ಡಾಕ್ಟರ್ ತಬಸ್ಸುಮ್. “ಜರೂರ ಬಿದ್ರ ಬಸುರಿನಾಗ ಗುಳಿಗಿ ಕೊಡ್ತೀವಿ. ಕೂಸು ಹುಟ್ಟಿದ ಕೂಡ್ಲೇ ಇಂಜೆಕ್ಷನ್ ಹಾಕ್ತೀವಿ. ಹೆಚ್ಚಿನ ಕೂಸುಗಳು ಪಾರಾಗ್ತಾವ.”

ಗುರುಪಾದ ತನ್ನ ಬೆರಳನ್ನೂ ಚಾಚಿದ. “ನಂದೂ ಕೇಳ್ರಿ. ರೋಗ ಇಲ್ಲಂದ್ರ ನನಗೂ ಲಸಿಕಿ ಹಾಕ್ರಿ.” ಇನ್ನೊಂದು ಕೈಯಿಂದ ಹೆಂಡತಿಯ ಕೈಯನ್ನು ಮತ್ತೆ ಹಿಡಿದ. ಈ ಸಲ ಅವಳು ಬಿಡಿಸಿಕೊಳ್ಳಲಿಲ್ಲ.

ಅವರ ಮಗಳಿಗೆ ವರ್ಷ ತುಂಬಿದಾಗ ಅವಳ ರಕ್ತಕ್ಕೂ ತೊದಲು ಮಾತು ಬಂದಿತ್ತು. ಡಾಕ್ಟರ್ ಬಗ್ಗಿ ಆಲಿಸಿದರು.

“ಇಲ್ಲಾ,” ಎಂದಿತು ಹನಿ. “ಏನೂ ಇಲ್ಲಾ.”

ಮಹಾನಂದಾ ಕಣ್ಣೊರೆಸಿಕೊಂಡು ನಕ್ಕಳು. “ಇನ್ನೊಮ್ಮೆ ಹೇಳವ್ವಾ,” ಎಂದಳು.