ಎರಡನೆಯ ಸ್ನಾನ

ಅಕ್ಕಿ ತೊಳೆಯುತ್ತಿದ್ದವಳಿಗೆ ಮತ್ತೆ ಅದೇ ಅನುಮಾನ ಬಂತು. ಪಾತ್ರೆಯನ್ನು ಅಲ್ಲೇ ಬಿಟ್ಟು ಬಚ್ಚಲಿಗೆ ಹೋಗಿ ಇನ್ನೊಮ್ಮೆ ಸ್ನಾನ ಮಾಡಿ ಬಂದೆ. ಮೊನ್ನೆ ಮದುವೆ ಮನೆಯಲ್ಲಿ ನನ್ನ ವಯಸ್ಸಿನವರೊಬ್ಬರು ಎದ್ದು ಹೋದ ಮೇಲೆ, ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡು ನಕ್ಕಿದ್ದರು. ಅಂದಿನಿಂದ ಮಗಳ ಹತ್ತಿರ ಕೂರುವುದಕ್ಕೂ ಹೆದರಿಕೆ.

"ಮತ್ತೆ ಸ್ನಾನವಾ? ಚರ್ಮ ಸುಲಿದು ಹೋಗತ್ತಮ್ಮ," ಎಂದಳು ಮಗಳು.

"ಸೆಕೆ ಕಣೇ. ನನ್ ಮೈ ವಾಸನೆ ಬರ್ತಿದ್ಯಾ? ನಿಜ ಹೇಳು."

"ಸೋಪಿನ ಅಂಗಡಿಗೆ ಹೊಕ್ಕ ಹಾಗಿದೆ. ಆ ಕಡೆ ತಿರುಗು, ಹೂವು ಮುಡಿಸ್ತೀನಿ."

ತಿರುಗಿ ಕುಳಿತೆ. ಅವಳು ಇಷ್ಟು ಹತ್ತಿರ ಬಂದು ಎಷ್ಟೋ ದಿನವಾಗಿತ್ತು. ಆದರೂ ಮೂಗಿಗೆ ಏನೂ ತಿಳಿಯಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು, "ಆಹಾ, ಮಲ್ಲಿಗೆ ಎಷ್ಟು ಘಮ್ ಅಂತಿದೆ!" ಎಂದೆ.

ಅವಳ ಕೈ ನಿಂತಿತು. ಒಂದು ಹೂವು ಕಳಚಿ ನನ್ನ ಮಡಿಲಿಗೆ ಬಿತ್ತು. ಘಮವೇ ಇಲ್ಲದ ಕನಕಾಂಬರ.

"ನಿನ್ನೆ ಹಾಲು ಸೀದಾಗ್ಲೇ ಕೇಳ್ಬೇಕು ಅಂದ್ಕೊಂಡೆ," ಎಂದಳು. "ಅಮ್ಮಾ, ನಿಂಗೆ ವಾಸನೆ ಗೊತ್ತಾಗದೆ ಎಷ್ಟು ದಿನ ಆಯ್ತು?"