ಎಡ ಮಣಿಕಟ್ಟು

"ನೋಡಿದ್ರಾ, ಸ್ಕ್ರೀನ್ ಮತ್ತೆ ಹೋಯ್ತು!" ಅನುವಾದಕಿ ಲ್ಯಾಪ್‌ಟಾಪಿನಿಂದ ಕೈ ಹಿಂದಕ್ಕೆಳೆದುಕೊಂಡಳು. "ಮನೇಲಿ ಎಲ್ರೂ ನನ್ನ ಕೈಗುಣಾನೇ ಸರಿಯಿಲ್ಲ ಅಂತಾರೆ. ನಾಳೆ ಪುಸ್ತಕ ಮುಗಿಸಿ ಕೊಡದಿದ್ರೆ ಅದು ಬೇರೆಯವರ ಪಾಲು."

ರಿಪೇರಿಯವನು ತಲೆ ಕೆರೆದುಕೊಂಡ. ಬಿಸಿಯಾಗುತ್ತಿದೆಯೆಂಬ ಎಚ್ಚರಿಕೆ ನೋಡಿ ಮೊದಲ ಸಲ ಫ್ಯಾನಿನ ಧೂಳು ತೆಗೆದಿದ್ದ. ಎರಡನೆಯ ಸಲ ಒಳಗಿನ ಚಿಪ್ ಬಿಸಿಯಾಗದಿರಲೆಂದು ಹೊಸ ಪೇಸ್ಟ್ ಹಚ್ಚಿದ್ದ. ಈಗ ಅದು ತಣ್ಣಗಿತ್ತು. ಬೆಳಗಿನಿಂದ ಅವನೇ ಟೈಪ್ ಮಾಡಿದಾಗ ಒಮ್ಮೆಯೂ ಕೈಕೊಟ್ಟಿರಲಿಲ್ಲ.

"ಅಕ್ಕಾ, ಇನ್ನೊಮ್ಮೆ ಬರೀರಿ. ನಿಧಾನಕ್ಕೆ." ಈ ಬಾರಿ ಅವನು ಪರದೆಯನ್ನು ಬಿಟ್ಟು ಅವಳ ಕೈಗಳನ್ನೇ ನೋಡಿದ. ಎಡ ಮಣಿಕಟ್ಟು ಕೀಲಿಮಣೆಯ ಮೂಲೆಗೆ ಬಂದೊಡನೆ ಪರದೆ ಕಪ್ಪಾಯಿತು.

"ಈ ಬಳೆ?"

"ಕೈನೋವಿಗೆ ಹಾಕ್ಕೊಂಡಿದ್ದು. ಅಯಸ್ಕಾಂತದ್ದು."

"ಸ್ವಲ್ಪ ಬಿಚ್ಚಿ ಕೊಡಿ."

ಬಳೆಯೊಂದನ್ನೇ ಆ ಮೂಲೆಗೆ ಹಿಡಿದ, ಪರದೆ ಆರಿತು. ದೂರ ಸರಿಸಿದ, ಬೆಳಗಿತು. "ಮುಚ್ಚಿದಾಗ ಈ ಮೂಲೆಗೆ ಬರೋ ಹಾಗೆ ಇದರ ಮುಚ್ಚಳದಲ್ಲೂ ಅಯಸ್ಕಾಂತ ಇದೆ ಅಕ್ಕ. ನಿಮ್ಮ ಬಳೆ ಹತ್ರ ಬಂದ್ರೆ, ಮುಚ್ಚಳ ಮುಚ್ಚಿದ್ರು ಅಂದ್ಕೊಂಡು ಮಲಗಿಬಿಡುತ್ತೆ, ಪಾಪ."

ಅವಳು ಬರಿಗೈಯನ್ನು ಅದೇ ಮೂಲೆಯ ಮೇಲಿಟ್ಟಳು. ಪರದೆ ಬೆಳಗುತ್ತಲೇ ಇತ್ತು. ಒಂದಕ್ಷರವನ್ನೂ ಒತ್ತದೆ, ಕೈಯನ್ನು ಅಲ್ಲೇ ಬಿಟ್ಟು ಬಹಳ ಹೊತ್ತು ಕೂತಳು.