ಸೈಕಲ್ಲಿಗಿಟ್ಟ ಬೊಟ್ಟು

ಮುನಿಶಾಮಪ್ಪನ ಟ್ರ್ಯಾಕ್ಟರಿನಿಂದ ಇಳಿದದ್ದು ಗೊಬ್ಬರದ ಮೂಟೆಯಲ್ಲ, ಕೆಂಪು ಬಣ್ಣದ ಪುಟ್ಟ ಸೈಕಲ್ಲು. ಎದುರುಗಡೆ ತನ್ನ ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕುತ್ತ ಕೂತಿದ್ದ ಖಾದರ್ ಬಾಷಾನ ಎದೆ ಧಗ್ಗೆಂದಿತು. ಯಲಹಂಕದ ಹಳೇ ಊರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಯಾರ ಮನೆಗೆ ಸೈಕಲ್ಲು ಬಂದರೂ ಅದು ಅವನ ಕೈಯಲ್ಲೇ ಜೋಡಣೆಯಾಗಿ ಬರುತ್ತಿತ್ತು. "ಮೊಮ್ಮಗಳಿಗೆ ಏಳು ತುಂಬ್ಲಿ, ನಿನ್ನತ್ರಾನೇ ತಗೋತೀನಿ" ಎಂದು ಇದೇ ಮುನಿಶಾಮಪ್ಪ ಬಾಯಿತುಂಬ ಹೇಳಿದ್ದ. ಈಗ ನೋಡಿದರೆ ಹ್ಯಾಂಡಲ್ಲಿನಲ್ಲಿ ನ್ಯೂಟೌನಿನ ಹೊಸ ಸೂಪರ್ ಮಾರ್ಕೆಟ್ಟಿನ ಚೀಟಿ ನೇತಾಡುತ್ತಿದೆ! ಸೋಪು, ಸಕ್ಕರೆ, ತೊಗರಿಬೇಳೆಯ ಪಕ್ಕದಲ್ಲಿ ಸೈಕಲ್ಲು ನಿಲ್ಲಿಸಿಕೊಂಡು ಮಾರುವವರೂ ವ್ಯಾಪಾರಿಗಳೇ?

"ನೋಡ್ ಬಾರೋ ಬಾಷಾ, ಎಂಗೈತೆ?" ಮುನಿಶಾಮಪ್ಪ ರಸ್ತೆಯಾಚೆಯಿಂದಲೇ ಕೂಗಿದ.

ಬಾಷಾ ಕೈ ಒರೆಸಿಕೊಂಡು ಹೋದ. ಸೈಕಲ್ಲು ಥಳಥಳ ಹೊಳೆಯುತ್ತಿತ್ತು. ಬೀಳದಂತೆ ಹಿಂದೆ ಎರಡು ಪುಟ್ಟ ಚಕ್ರ ಬೇರೆ. ತಾನು ಜೋಡಿಸಿದ ಯಾವ ಸೈಕಲ್ಲೂ ಇಷ್ಟು ಚೆಂದ ಕಂಡಿರಲಿಲ್ಲವಲ್ಲ ಎಂದು ಅವನಿಗೆ ಇನ್ನಷ್ಟು ಉರಿಯಿತು. ಹ್ಯಾಂಡಲ್ಲಿನ ಮೇಲೆ ಸುಮ್ಮನೆ ಎರಡು ಬೆರಳಿಟ್ಟ. ಕೈಗೆ ತಕ್ಷಣ ಗೊತ್ತಾಯಿತು.

"ಗೌಡ್ರೆ, ಹ್ಯಾಂಡಲ್ ಬೋಲ್ಟ್ ಬಿಗಿ ಮಾಡಿಲ್ಲ ಇವ್ರು. ಮಗು ಒಂದ್ಕಡೆ ತಿರುಗ್ಸಿದ್ರೆ ಚಕ್ರ ಇನ್ನೊಂದ್ಕಡೆ ಹೋಗುತ್ತೆ. ಕೊಡಿ, ಮುಂದಿನ ಚಕ್ರ ಮಂಡಿ ಮಧ್ಯೆ ಇಟ್ಕೊಂಡು ತಿರುಗ್ಸಿ ತೋರಿಸ್ತೀನಿ."

"ಕೈ ತೆಗಿಯೋ! ನೀನೇ ತಿರುಗ್ಸಿ ತಿರುಗ್ಸಿ ಲೂಸ್ ಮಾಡ್ಬುಟ್ಟು, ಆಮ್ಯಾಕೆ ಅಂಗಡಿಯೋನ ಮ್ಯಾಲೆ ತಪ್ಪು ಏಳ್ತೀಯ. ಒಟ್ಟೆಕಿಚ್ಚು ಕಣೋ ನಿಂಗೆ."

ಅಷ್ಟರಲ್ಲಿ ಮುನಿಶಾಮಪ್ಪನ ಹೆಂಡತಿ ಸುಬ್ಬಮ್ಮ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಂದಳು. "ಒಸ ಗಾಡಿ, ಯಾರ ಕಣ್ಣೂ ಬೀಳ್ದೆ ಇರ್ಲಿ" ಎನ್ನುತ್ತ ಬಾಷಾನನ್ನು ಒಮ್ಮೆ ನೋಡಿ, ಹ್ಯಾಂಡಲ್ಲಿನ ಕಡ್ಡಿಗೂ ಅದರ ಬುಡದ ದೊಡ್ಡ ನಟ್ಟಿಗೂ ಸೇರಿಸಿ ದಪ್ಪನೆಯ ಒಂದು ಬೊಟ್ಟು ಇಟ್ಟಳು.

ಬಾಷಾ ತನ್ನ ಶಾಪಿಗೆ ವಾಪಸು ಬಂದು ಕೂತ. ಹೊಟ್ಟೆಕಿಚ್ಚು ಅಂದದ್ದು ಸುಳ್ಳೇನಲ್ಲ, ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಕ್ಕಳ ಸೈಕಲ್ಲು ಜೋಡಿಸಿದಾಗಲೆಲ್ಲ ಅವನು ತಾನೇ ಅದರ ಮೇಲೆ ಕೂತು, ಮಂಡಿ ಕಿವಿಗೆ ತಾಗಿಸಿಕೊಂಡು, ಬೀದಿಯವರೆಲ್ಲ ನಗುತ್ತಿದ್ದರೂ ಒಂದು ಸುತ್ತು ಹೊಡೆದೇ ಕೊಡುತ್ತಿದ್ದ. ಆ ಮಾರ್ಕೆಟ್ಟಿನಲ್ಲಿ ಯಾವನು ಕೂತು ನೋಡಿದ್ದಾನೆ? ಬೀಳಲಿ ಆ ಸೈಕಲ್ಲು. ಹಾಡಹಗಲೇ, ಎಲ್ಲರ ಎದುರಿಗೇ ಬೀಳಲಿ. ಆಗ ಬರ್ತಾರೆ ಹುಡುಕ್ಕೊಂಡು, ಅಂದುಕೊಂಡ. ಹಾಗೆ ಅಂದುಕೊಂಡಾಗ ಸೈಕಲ್ಲಿನ ಮೇಲೆ ಯಾರು ಕೂತಿರುತ್ತಾರೆ ಅನ್ನುವುದು ಅವನ ತಲೆಗೇ ಹೋಗಿರಲಿಲ್ಲ.

ಮುಂದಿನ ಎರಡು ಹಲ್ಲು ಬಿದ್ದ ಮೊಮ್ಮಗಳು ಮುನಿಲಕ್ಷ್ಮಿ ಮನೆಯ ಮುಂದೆ ಎರಡು ಸುತ್ತು ಹೊಡೆದಳು. ಮೂರನೆಯದಕ್ಕೆ ಬೆಲ್ಲು ಬಾರಿಸುತ್ತ ಬಾಷಾನ ಮುಂದೆಯೇ ಬಂದು, "ಸೈಕಲ್ ತಾತ, ನಾನು ಗೇಟ್‌ವರ್ಗೂ ಓಯ್ತೀನಿ!" ಅಂದಳು. ಆಗ ಅವನ ಕಣ್ಣಿಗೆ ಬೊಟ್ಟು ಬಿತ್ತು. ಅದು ಎರಡು ಹೋಳಾಗಿತ್ತು. ಕಡ್ಡಿಯ ಮೇಲಿನ ಅರ್ಧ, ನಟ್ಟಿನ ಮೇಲಿನ ಅರ್ಧವನ್ನು ಬಿಟ್ಟು ಒಂದು ಕಡಲೆಕಾಳಿನಷ್ಟು ಪಕ್ಕಕ್ಕೆ ಸರಿದಿತ್ತು. ನಾಚಿಕೆಯ ಮಾತು, ಮೊದಲು ಅವನಿಗೆ ಆದದ್ದು ಸಂತೋಷವೇ. ಆಮೇಲೆ ರೈಲ್ವೆ ಗೇಟಿನ ಇಳಿಜಾರು ನೆನಪಾಯಿತು. ಅಷ್ಟರಲ್ಲಿ ಅವಳು ಹೊರಟೇಬಿಟ್ಟಿದ್ದಳು. ಕೈಯಲ್ಲಿದ್ದ ಟ್ಯೂಬು ಬಿಸಾಡಿ ಓಡಿದವನು, ಅವಳನ್ನು ದಾಟಿ ಇಳಿಜಾರು ಶುರುವಾಗುವ ಕಡೆ ಎರಡೂ ಕೈ ಅಗಲಿಸಿ ಅಡ್ಡ ನಿಂತುಬಿಟ್ಟ. ಮಗು ಕಕ್ಕಾಬಿಕ್ಕಿಯಾಗಿ ಬ್ರೇಕು ಹಿಡಿಯಿತು.

"ದಾರಿ ಬಿಡ್ತೀಯೋ ಇಲ್ವೋ!" ಮುನಿಶಾಮಪ್ಪ ಏದುಸಿರು ಬಿಡುತ್ತ ಬಂದ.

"ಬಿಡಲ್ಲ. ನಾನು ಮುಟ್ಟಿಲ್ಲ ಗೌಡ್ರೆ, ನೀವೇ ನೋಡಿ. ಕಡ್ಡಿ, ನಟ್ಟು ಎರಡೂ ಒಟ್ಟಿಗೇ ತಿರುಗ್ಬೇಕು. ಅಮ್ಮಾವ್ರು ಇಟ್ಟಿದ್ದು ಒಂದು ಬೊಟ್ಟು. ಈಗ ಎಷ್ಟಿದೆ?"

ಮುನಿಶಾಮಪ್ಪ ಬಗ್ಗಿ ನೋಡಿದ. ಮೊಮ್ಮಗಳನ್ನು ಇಳಿಸಿ, ಮುಂದಿನ ಚಕ್ರವನ್ನು ಮಂಡಿಗಳ ನಡುವೆ ಒತ್ತಿ ಹಿಡಿದು ಹ್ಯಾಂಡಲ್ ತಿರುಗಿಸಿದ. ಚಕ್ರ ಅಲ್ಲಾಡಲಿಲ್ಲ. ಹ್ಯಾಂಡಲ್ಲು ಗರಕ್ಕನೆ ತಿರುಗಿ ಅವನ ಹೊಟ್ಟೆಗೇ ಬಂದು ತಾಗಿತು. ಅವನು ಒಮ್ಮೆ ಇಳಿಜಾರನ್ನು ನೋಡಿದ, ಒಮ್ಮೆ ಮಗುವನ್ನು ನೋಡಿದ.

ಬಾಷಾ ಸ್ಪ್ಯಾನರು ತಂದು ಬೋಲ್ಟು ಬಿಗಿ ಮಾಡಿದ, ಬ್ರೇಕು ಸರಿ ಮಾಡಿದ. ತನ್ನ ಭಾರಕ್ಕೆ ಬಾಗದಿರಲೆಂದು ಪುಟ್ಟ ಚಕ್ರಗಳನ್ನು ಬಿಚ್ಚಿಟ್ಟು, ತಾನೇ ಕೂತು ಒಂದು ಸುತ್ತು ಹೊಡೆದ. "ತಾತ ಕಪ್ಪೆ ಥರ ಅವ್ನೆ!" ಎಂದು ಮುನಿಲಕ್ಷ್ಮಿ ಕೇಕೆ ಹಾಕಿದಳು. ಎಲ್ಲಾದರೂ ಇನ್ನೊಂದು ತಪ್ಪು ಸಿಕ್ಕೀತೆಂದು ಅವನು ಕಿವಿಗೊಟ್ಟು ಓಡಿಸಿದ. ಸಿಗಲಿಲ್ಲ. ಹಾಳಾದ್ದು, ಬೆಣ್ಣೆಯ ಹಾಗೆ ಓಡುತ್ತಿತ್ತು.

"ಬಾಷಾ, ಆ ಮಾರ್ಕೆಟ್ ಅಂಗಡೀಲಿ ಇಂಥವೇ ಇನ್ನೂ ಎಂಟತ್ತು ನಿಂತಿದ್ವಲ್ಲೋ. ಓಗಿ ಒಂದ್ಮಾತು ಏಳ್ಬಾರ್ದಾ?" ಅಂದ ಮುನಿಶಾಮಪ್ಪ, ಮುಖ ಬೇರೆ ಕಡೆ ತಿರುಗಿಸಿಕೊಂಡು.

"ನಾನು ಹೇಳಿದ್ರೆ ಅವ್ರೂ ಹೊಟ್ಟೆಕಿಚ್ಚು ಅಂತಾರೆ ಗೌಡ್ರೆ. ಇರೋದೂ ನಿಜಾನೇ." ಬಾಷಾ ಸ್ಪ್ಯಾನರನ್ನು ಒರೆಸಿ ಜೇಬಿಗಿಟ್ಟುಕೊಂಡ. "ನೀವೂ ಬನ್ನಿ, ಹೋಗೋಣ. ಬರೋವಾಗ ಅಮ್ಮಾವ್ರ ಕುಂಕುಮದ ಬಟ್ಟಲು ಮರೀಬೇಡಿ."